ಎಐಗೆ ಕೊಟ್ಟರೆ ಕನ್ನಡ ಸರಿ ಮಾಡಿಕೊಡುತ್ತಾ?

"ಬರೆದದ್ದನ್ನ ಎಐಗೆ ಹಾಕಿದ್ರೆ ಎಲ್ಲಾ ಸರಿ ಮಾಡಿಕೊಡುತ್ತಲ್ವಾ?" ಇದಕ್ಕೆ ಬಾಯಲ್ಲಿ ಉತ್ತರ ಹೇಳಿ ಹೇಳಿ ಸಾಕಾಗಿದೆ. ಕಾಗುಣಿತವನ್ನು ಬಹುಮಟ್ಟಿಗೆ ಸರಿ ಮಾಡುತ್ತದೆ. ತಕರಾರಿರುವುದು ಆ "ಎಲ್ಲಾ" ಅನ್ನುವುದರ ಬಗ್ಗೆ.

"ಚೆನ್ನಾಗಿ ಮಾಡಿಕೊಡು" ಎಂದು ಟೈಪ್ ಮಾಡುತ್ತಾರೆ, ಬಂದದ್ದನ್ನು ಓದದೇ ಅಂಟಿಸುತ್ತಾರೆ, ಆಮೇಲೆ "ಇದು ನಾನು ಬರೆದ ಹಾಗೇ ಇಲ್ಲ" ಅನ್ನುತ್ತಾರೆ. ಇರುವುದಾದರೂ ಹೇಗೆ? ತಪ್ಪು ತಿದ್ದುವುದು ಒಂದು ಕೆಲಸ, ಶೈಲಿ ಬದಲಿಸುವುದು ಇನ್ನೊಂದು. ಎರಡನ್ನೂ ಒಂದೇ ಮಾತಿನಲ್ಲಿ ಕೇಳಿದರೆ ಅದು ಇಡೀ ಬರಹವನ್ನೇ ಹೊಸದಾಗಿ ಬರೆದುಬಿಡುತ್ತದೆ.

ಈ ಸಾಲು ನೋಡಿ: "ವಿಧ್ಯಾರ್ಥಿಗೆ ಜ್ವರ ಬಂದಿತ್ತು, ಪರೀಕ್ಷೆ ಬರೆಯಲಿಲ್ಲ." ತಪ್ಪು ಒಂದೇ, ಧ್ಯಾ ಇರುವಲ್ಲಿ ದ್ಯಾ ಬೇಕು. "ಚೆನ್ನಾಗಿ ಮಾಡು" ಎಂದರೆ ಬರುವುದು ಇಂಥದ್ದು: "ವಿದ್ಯಾರ್ಥಿಯು ಜ್ವರವನ್ನು ಹೊಂದಿದ್ದ ಕಾರಣ ಪರೀಕ್ಷೆಯನ್ನು ಬರೆಯಲು ಸಾಧ್ಯವಾಗಲಿಲ್ಲ." ಕನ್ನಡದಲ್ಲಿ ಜ್ವರ ಬರುತ್ತದೆ, ಅದನ್ನು ಯಾರೂ ಹೊಂದುವುದಿಲ್ಲ. ಇಂಥ ಉಪಕರಣಗಳು ಕಲಿತ ಪಠ್ಯದಲ್ಲಿ ಇಂಗ್ಲಿಷಿನದೇ ದೊಡ್ಡ ಪಾಲು, ಆ ವಾಕ್ಯದ ಅಚ್ಚು ಇಲ್ಲಿಗೂ ಬರುತ್ತದೆ. ಅದಕ್ಕಿಂತ ಕೆಟ್ಟದ್ದು, "ಬರೆಯಲಿಲ್ಲ" ಇದ್ದದ್ದು "ಸಾಧ್ಯವಾಗಲಿಲ್ಲ" ಆಯಿತು. ಬರೆದವರು ಹೇಳದ ಕಾರಣವೊಂದು ಸೇರಿಕೊಂಡಿತು. ಇದು ವ್ಯಾಕರಣವಲ್ಲ, ಸಂಗತಿಯೇ ಬದಲಾದದ್ದು. ವರದಿಯಲ್ಲೋ ದೂರು ಅರ್ಜಿಯಲ್ಲೋ ಹೀಗಾದರೆ ಪರಿಣಾಮ ಸಣ್ಣದಲ್ಲ.

ಹಾಗಾಗಿ ಮೊದಲ ಸುತ್ತಿನಲ್ಲಿ ಹೀಗೆ ಕೇಳಿ: "ಕಾಗುಣಿತ, ವಿಭಕ್ತಿ, ಲಿಂಗ ಮತ್ತು ವಚನದ ತಪ್ಪು ಮಾತ್ರ ತಿದ್ದು. ಪದ ಬದಲಿಸಬೇಡ, ವಾಕ್ಯ ಕೂಡಿಸಬೇಡ. ಆಡುಮಾತು ಹಾಗೇ ಇರಲಿ. ಬದಲಿಸಿದ್ದನ್ನೆಲ್ಲ ಪಟ್ಟಿ ಮಾಡು. ತಪ್ಪಿಲ್ಲದಿದ್ದರೆ ತಪ್ಪಿಲ್ಲ ಎನ್ನು." ಕೊನೆಯ ಸಾಲನ್ನು ಬಿಡಬೇಡಿ. ತಪ್ಪು ಹುಡುಕು ಎಂದಷ್ಟೇ ಹೇಳಿದರೆ ಅದು ಹೇಗಾದರೂ ಹುಡುಕುತ್ತದೆ, ತಾನೇ ತಿದ್ದಿಕೊಟ್ಟದ್ದರಲ್ಲೂ ಹುಡುಕುತ್ತದೆ. ಒಂದು ಸಲಕ್ಕೆ 150ರಿಂದ 200 ಪದ ಸಾಕು. ಉದ್ದದ ಲೇಖನವನ್ನು ಒಟ್ಟಿಗೆ ಸುರಿದರೆ ನಡುವಿನ ಸಾಲುಗಳು ಸದ್ದಿಲ್ಲದೆ ಬಿಟ್ಟುಹೋಗುವುದುಂಟು. ನುಡಿ, ಬರಹ ತಂತ್ರಾಂಶಗಳ ಹಳೇ ಫಾಂಟಿನ ಕಡತವಾದರೆ ಮೊದಲು ಎಲ್ಲ ಕಂಪ್ಯೂಟರುಗಳೂ ಓದುವ ಯೂನಿಕೋಡ್‌ಗೆ ಬದಲಿಸಿ, ಇಲ್ಲವಾದರೆ ಅಂಟಿಸಿದಲ್ಲಿ ಕನ್ನಡವೇ ಇರುವುದಿಲ್ಲ.

ಯಾರೂ ಕೇಳದ, ನಿಜಕ್ಕೂ ಕೇಳಬೇಕಾದ ಪ್ರಶ್ನೆ ಬೇರೆ: ಅದು ಬದಲಿಸಿದ್ದರಲ್ಲಿ ಯಾವುದನ್ನು ಒಪ್ಪಬೇಕು?

ಅದಕ್ಕೆ ಮೂಲವನ್ನೂ ತಿದ್ದಿದ್ದನ್ನೂ ಎರಡು ಕಡತ ಮಾಡಿಟ್ಟುಕೊಂಡು, ವ್ಯತ್ಯಾಸ ಗುರುತಿಸಿ ತೋರಿಸುವ ವರ್ಡ್‌ನ ಕಂಪೇರ್‌ನಲ್ಲಿ ಹಾಕಿ. ಎಐ ಕೊಟ್ಟ ಪಟ್ಟಿಯನ್ನೇ ನಂಬಬೇಡಿ, ಪಟ್ಟಿಯಲ್ಲಿಲ್ಲದ ಬದಲಾವಣೆಗಳೂ ಇರುತ್ತವೆ. ಅಲ್ಪಪ್ರಾಣ, ಮಹಾಪ್ರಾಣ, ಒತ್ತಕ್ಷರದ ತಿದ್ದುಪಡಿಗಳು ಹೆಚ್ಚಾಗಿ ಸರಿಯಿರುತ್ತವೆ. ಅನುಮಾನ ಬಂದರೆ ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು ತೆಗೆಯಿರಿ, ಎಐಯನ್ನೇ ಮತ್ತೆ ಕೇಳಬೇಡಿ. ಇಲ್ಲದ ಸಂಧಿ ನಿಯಮವನ್ನೂ ಅದು ಗಟ್ಟಿ ದನಿಯಲ್ಲಿ ವಿವರಿಸಬಲ್ಲದು. "ಹೊಂದಿದೆ", "ಮಾಡಲಾಗುತ್ತದೆ", ಕಾರಣವಿಲ್ಲದ "ಒಂದು", ಎರಡು ವಾಕ್ಯ ಬೆಸೆಯುವ "ಮತ್ತು" ಹೊಸದಾಗಿ ಬಂದಿದ್ದರೆ ಬಹುಪಾಲು ತೆಗೆಯಬೇಕಾದವೇ. ಹೆಸರು, ಅಂಕಿ, ತಾರೀಖುಗಳನ್ನು ಬೆರಳಿಟ್ಟು ನೋಡಿ.

ಶೈಲಿ ಎರಡನೇ ಸುತ್ತಿಗೆ, ಹೊಸ ಚಾಟ್‌ನಲ್ಲಿ. "ಸರಳವಾಗಿ", "ಆಕರ್ಷಕವಾಗಿ" ಎಂದರೆ ಎಲ್ಲರಿಗೂ ಸಿಗುವ ಅದೇ ಸಪ್ಪೆ ಗದ್ಯ ನಿಮಗೂ ಸಿಗುತ್ತದೆ. ನೀವೇ ಬರೆದ, ನಿಮಗೆ ಇಷ್ಟವಾದ ಎರಡು ಮೂರು ಪ್ಯಾರಾ ಮಾದರಿಗೆ ಕೊಡಿ. ಒಂದು ವಾಕ್ಯಕ್ಕೆ ಮೂರು ರೂಪ ಕೇಳಿ, ಗಟ್ಟಿಯಾಗಿ ಓದಿ, ಬೇಕಾದ ಪದವನ್ನಷ್ಟೇ ತೆಗೆದುಕೊಂಡು ವಾಕ್ಯ ನೀವೇ ಬರೆಯಿರಿ. ಬೇರೆಯವರ ಖಾಸಗಿ ವಿವರ ಇರುವ ಪತ್ರಗಳನ್ನು ಮಾತ್ರ ಅಲ್ಲಿಗೆ ಹಾಕಲೇಬೇಡಿ.

ಕಡೆಗೆ "ಸಾಫ್ಟ್‌ವೇರ್"ನಂಥ ಪದಗಳನ್ನು ಹುಡುಕಿ. ಟ್ ಮತ್ತು ವೇ ನಡುವೆ ಕಣ್ಣಿಗೆ ಕಾಣದ ಒಂದು ಯೂನಿಕೋಡ್ ಚಿಹ್ನೆ ಇರುತ್ತದೆ. ತಿದ್ದುವಾಗ ಅದು ಬಿದ್ದುಹೋದರೆ ವಕಾರ ಒತ್ತಾಗಿ "ಸಾಫ್ಟ್ವೇರ್" ಆಗುತ್ತದೆ. ಫೈಂಡ್-ರಿಪ್ಲೇಸ್‌ನಲ್ಲಿ ಒಮ್ಮೆಗೇ ಸರಿಪಡಿಸಬಹುದು.