ಮೊದಲು ಕೇಳುವುದು ಯಾವ ಕೈ ಅಂತ

ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ ಇರುವವರಿಗೆ ಎಲ್ಲಿದ್ದಾರೆ ಅಂತ ತೋರಿಸುವ ಜಿಪಿಎಸ್ ವಾಚ್, ಬಿದ್ದರೆ ಸುದ್ದಿ ಕೊಡುವ ಕೈಪಟ್ಟಿ, ಇಂಥವನ್ನು ಹೊಂದಿಸಿಕೊಡುವುದು ನನ್ನ ಕೆಲಸ. ಮನೆಯವರು ಬಂದ ಕೂಡಲೇ ಇದರಲ್ಲಿ ಏನೇನು ಫೀಚರ್ ಇದೆ ಎನ್ನುತ್ತಾರೆ. ನಾನು ಕೇಳುವುದು ಬೇರೆ: "ಅವರಿಗೆ ವಾಚ್ ಕಟ್ಟುವ ಅಭ್ಯಾಸ ಇತ್ತಾ? ಯಾವ ಕೈಗೆ?"

ಈ ಕಾಯಿಲೆಯಲ್ಲಿ ಹೊಸದನ್ನು ಕಲಿಯುವುದು ಬೇಗ ಕಷ್ಟವಾಗುತ್ತದೆ. ಕೈಗೆ ರೂಢಿಯಾದದ್ದು ಸಾಮಾನ್ಯವಾಗಿ ತುಂಬಾ ದಿನ ಉಳಿಯುತ್ತದೆ. ಜೀವನಪೂರ್ತಿ ಎಡಗೈಗೆ ವಾಚ್ ಕಟ್ಟಿದವರು ಅದೇ ಕೈಗೆ ಕಟ್ಟಿದರೆ ಹೆಚ್ಚಾಗಿ ತಕರಾರು ಮಾಡುವುದಿಲ್ಲ. ಯಾವತ್ತೂ ಕಟ್ಟದವರಿಗೆ ಅದೊಂದು ಕಿರಿಕಿರಿ. ಒಬ್ಬ ಅಜ್ಜಿ ಪಟ್ಟಿಯ ಕೊಂಡಿಯ ಕೆಳಗೆ ಉಗುರು ತೂರಿಸಿ ಕೀಳುತ್ತಲೇ ಇದ್ದರು. ಮಣಿಕಟ್ಟಿನ ತೆಳು ಚರ್ಮ ಕೆಂಪಾಗಿತ್ತು. ಬಿಚ್ಚಲಾಗದ ಹಾಗೆ ಲಾಕ್ ಇರುವ ಪಟ್ಟಿ ಕೊಡಿ ಅಂದರು ಮಗ. ನಾನು ಒಪ್ಪಲಿಲ್ಲ. ಬೇಡ ಎಂದು ಅವರು ಕೈಯಿಂದಲೇ ಹೇಳುತ್ತಿದ್ದರಲ್ವಾ? ಶೂ ಹಾಕದೆ ಮಾತ್ರ ಅಜ್ಜಿ ಹೊಸಿಲು ದಾಟುತ್ತಿರಲಿಲ್ಲ. ಹಾಗಾಗಿ ಶೂ ಒಳಗೆ ಹಾಸುವ ಜಿಪಿಎಸ್ ಸೋಲ್ ಹಾಕಿಸಿದೆವು. ಜಗಳ ನಿಂತಿತು.

ಆಮೇಲೆ ಚಾರ್ಜಿಂಗ್. ನಾವೆಲ್ಲ ಮಲಗುವಾಗ ಚಾರ್ಜಿಗೆ ಹಾಕುತ್ತೇವೆ. ಡಿಮೆನ್ಷಿಯಾದಲ್ಲಿ ಎಷ್ಟೋ ಜನ ರಾತ್ರಿ ಎದ್ದು ಬಾಗಿಲು ತೆಗೆಯುತ್ತಾರೆ. ಆಗ ವಾಚ್ ಮೇಜಿನ ಮೇಲಿದ್ದರೆ ಏನು ಬಂತು? ಊಟ, ಸ್ನಾನ, ಹೀಗೆ ಪಕ್ಕದಲ್ಲಿ ಯಾರಾದರೂ ಇರುವ ಹೊತ್ತಿನಲ್ಲೇ ಚಾರ್ಜ್ ಮಾಡಿ ಎನ್ನುತ್ತೇನೆ.

ಇಷ್ಟು ದೂರ ದಾಟಿದರೆ ಅಲಾರಂ ಬರಲಿ ಎಂದು ಮನೆಯ ಸುತ್ತ ಗಡಿ ಗುರುತಿಸುವಾಗಲೂ ಆತುರ ಬೇಡ. ಮನೆಯೊಳಗೆ ಜಿಪಿಎಸ್ ಸಿಗ್ನಲ್ ಸರಿಯಾಗಿ ಸಿಗುವುದಿಲ್ಲ, ಸೋಫಾದಲ್ಲಿ ಕೂತವರನ್ನೂ ರಸ್ತೆಯಲ್ಲಿ ತೋರಿಸಬಹುದು. ಗಡಿ ತೀರಾ ಚಿಕ್ಕದಾದರೆ ಸುಮ್ಸುಮ್ನೆ ಅಲಾರಂ ಹೊಡೆದುಕೊಳ್ಳುತ್ತದೆ. ಕೊನೆಗೆ ಮನೆಯವರು ಫೋನನ್ನೇ ಸೈಲೆಂಟ್ ಮಾಡುತ್ತಾರೆ. ಬೀಳುವುದನ್ನು ಗುರುತಿಸುವ ಸೆನ್ಸರ್‌ಗೂ ಮಿತಿ ಇದೆ. ಅದು ನೋಡುವುದು ಜೋರಾದ ಜರ್ಕನ್ನು. ಕುರ್ಚಿಯಿಂದ ಮೆಲ್ಲಗೆ ಜಾರಿ ನೆಲಕ್ಕೆ ಕೂತವರು ಅದಕ್ಕೆ ಕಾಣದೇ ಹೋಗಬಹುದು. ಮಾತಾಡುವ ವಾಚ್ ಅಂತೂ ನನಗೆ ಅನುಮಾನ. ಕೈಯಿಂದ ಯಾರೋ ಮಾತಾಡಿದರೆ ಗಾಬರಿಯಾಗುವುದು ಸಹಜ.

ತಮ್ಮ ಇಷ್ಟ ಹೇಳಬಲ್ಲ ಹಂತದಲ್ಲೇ ಅವರನ್ನು ಕೇಳಿಬಿಡುವುದು ಒಳ್ಳೆಯದು. ಎಲ್ಲಿದ್ದೀರಿ ಅಂತ ನಾವು ನೋಡಬಹುದಾ? ಯಾರು ಯಾರು ನೋಡಬಹುದು? ಕೆಲವರು ಮಗಳು ಸಾಕು, ಸೊಸೆ ಬೇಡ ಎನ್ನುತ್ತಾರೆ. ಅದನ್ನೂ ಬರೆದಿಟ್ಟುಕೊಳ್ಳುತ್ತೇನೆ.

ಕೊನೆಯ ಕೆಲಸ, ಅಲಾರಂ ಯಾರಿಗೆ ಹೋಗಬೇಕು ಅನ್ನುವ ಪಟ್ಟಿ. ದೂರದ ಊರಿನಲ್ಲಿರುವ ಮಗ ತನ್ನ ನಂಬರೇ ಮೊದಲು ಇರಲಿ ಎಂದು ಹಟ ಹಿಡಿಯುತ್ತಾರೆ. ಹಣ ಕೊಟ್ಟವರು ಅವರೇ, ನಿಜ. ಆದರೂ ನಾನು ಮೊದಲು ಹಾಕುವುದು ಪಕ್ಕದ ಮನೆಯವರ ನಂಬರ್, ಅವರನ್ನು ಕೇಳಿಕೊಂಡೇ.