ಪ್ಯಾಚಿನ ಹಿಂಬದಿ

ನಮ್ಮಮ್ಮನ ಕೈಗೆ ಯಾವ ಬ್ಲೌಸ್ ಕೊಟ್ಟರೂ ಮೊದಲು ಒಳಮಗ್ಗುಲು ತಿರುಗಿಸಿ ನೋಡುತ್ತಾರೆ. "ಮೇಲ್ಗಡೆ ಎಲ್ಲಾರೂ ಚೆನ್ನಾಗೇ ಮಾಡ್ತಾರೆ, ಹಿಂದೆ ನೋಡು" ಅನ್ನುವುದು ಅವರ ಮಾತು. ಬೆಂಗಳೂರಿನ ಮುರುಗೇಶಪಾಳ್ಯದ ನಮ್ಮ ಮನೆಯ ಮುಂದಿನ ರೂಮಿನಲ್ಲಿ 30 ವರ್ಷ ಹೊಲಿಗೆ ಮಷಿನ್ ತುಳಿದವರು ಅವರು. ಮದುವೆ ಬ್ಲೌಸ್‌ಗಳಿಗೆ ಆರಿ ವರ್ಕ್, ಜರ್ದೋಸಿ ಎಲ್ಲ ಮಾಡಿದವರು. ಚಿಕ್ಕಂದಿನಲ್ಲಿ ಅವರ ಪಕ್ಕ ಕೂತು ದಾರದ ಸಿಕ್ಕು ಬಿಡಿಸಿಕೊಡುತ್ತಾ ಕಲಿತದ್ದು ನಿಜವಾಗಿ ನನ್ನ ಕೆಲಸಕ್ಕೆ ಬಂದಿದ್ದು ಅಮೆರಿಕದಲ್ಲಿ, ಎರಡನೇ ಮಹಾಯುದ್ಧದ ಮಿಲಿಟರಿ ಕೋಟುಗಳನ್ನು ಕೈಯಲ್ಲಿ ಹಿಡಿದಾಗ.

ನಾನಿರುವುದು ಓಹಾಯೋದ ಕೊಲಂಬಸ್‌ನಲ್ಲಿ. ಇಲ್ಲಿಂದ ಡೇಟನ್‌ಗೆ ಕಾರಿನಲ್ಲಿ ಒಂದು ಗಂಟೆ ಚಿಲ್ಲರೆ. ಅಲ್ಲಿ ಅಮೆರಿಕದ ವಾಯುಪಡೆಯ ದೊಡ್ಡ ಮ್ಯೂಸಿಯಂ ಇದೆ, ಟಿಕೆಟ್ ಇಲ್ಲ. 11 ವರ್ಷದ ಹಿಂದೆ ಊರಿಂದ ಬಂದ ನೆಂಟರನ್ನು ಕರೆದುಕೊಂಡು ಹೋಗಿದ್ದೆ. ಎಲ್ಲರೂ ವಿಮಾನಗಳ ಕಡೆ ನಡೆದರು. ನಾನು ಒಂದು ಗಾಜಿನ ಪೆಟ್ಟಿಗೆ ಮುಂದೆ ನಿಂತುಬಿಟ್ಟೆ. ಒಳಗೆ ಕಂದು ಚರ್ಮದ ಜಾಕೆಟ್. ಅದರ ಮೇಲೆ ಗುರಾಣಿ ಆಕಾರದ ಪ್ಯಾಚ್. ಕೆಳಗೆ ಕೆಂಪು ಬಿಳಿ ಉದ್ದ ಪಟ್ಟೆಗಳು, ಮೇಲೆ ನೀಲಿ. ನೀಲಿಯಲ್ಲಿ ಒಂದು ಕಡೆ 12 ಕಿರಣಗಳ ಚೀನಾದ ಸೂರ್ಯ, ಇನ್ನೊಂದು ಕಡೆ ಒಂದು ಬಿಳಿ ನಕ್ಷತ್ರ. ಆ ನಕ್ಷತ್ರ ಇಂಡಿಯಾದ್ದು. 'ಚೈನಾ-ಬರ್ಮಾ-ಇಂಡಿಯಾ' ಯುದ್ಧರಂಗದ ಗುರುತು ಅದು. ಇಲ್ಲಿ ಇದನ್ನೆಲ್ಲ ಕೂಡಿಡುವವರು ಚಿಕ್ಕದಾಗಿ ಸಿಬಿಐ ಅನ್ನುತ್ತಾರೆ. ಅಮೆರಿಕದ ಸೈನಿಕರ ಭುಜದ ಮೇಲೆ ನಮ್ಮ ದೇಶಕ್ಕೂ ಒಂದು ನಕ್ಷತ್ರ ಇತ್ತು ಅನ್ನೋದು ಅಲ್ಲಿಯವರೆಗೆ ನನಗೆ ಗೊತ್ತೇ ಇರಲಿಲ್ಲ.

ಆವತ್ತಿನಿಂದ ನನ್ನ ಸಂಗ್ರಹ ಶುರುವಾಯಿತು. ಎಲ್ಲವನ್ನೂ ಕೂಡಿಡುವುದಿಲ್ಲ. ಸಿಬಿಐ ಮಾತ್ರ.

ಇದರಲ್ಲಿ ಒಂದು ವಿಶೇಷ ಇದೆ. ಅಮೆರಿಕದಲ್ಲಿ ತಯಾರಾದ ಪ್ಯಾಚ್‌ಗಳು ಮಷಿನ್ ಕೆಲಸ. ಹತ್ತಿ ದಾರ, ಕತ್ತರಿಸಿದ ಅಂಚು, ಒಂದರಂತೆ ಇನ್ನೊಂದು. ಆದರೆ ಇಂಡಿಯಾದಲ್ಲಿದ್ದ ಸೈನಿಕರು ಇಲ್ಲಿಂದ ಸರಕು ಬರಲಿ ಅಂತ ಕಾಯುತ್ತಾ ಕೂರಲಿಲ್ಲ. ಕಲ್ಕತ್ತಾ, ಕರಾಚಿ, ದೆಹಲಿಯ ಬಜಾರುಗಳಲ್ಲಿ ದರ್ಜಿಗಳ ಹತ್ತಿರ ಹೋಗಿ ಮಾಡಿಸಿಕೊಂಡರು. ಕೆಲವು ರೇಷ್ಮೆ ದಾರದಲ್ಲಿ, ಕೆಲವು ಚರ್ಮ ಕತ್ತರಿಸಿ ಬಣ್ಣ ಹಚ್ಚಿ, ಇನ್ನು ಕೆಲವು ಬನಾತಿನ ಮೇಲೆ ಬೆಳ್ಳಿ ಬಣ್ಣದ ಜರಿ ತಂತಿಯಲ್ಲಿ. ಒಂದರ ನಕ್ಷತ್ರ ದಪ್ಪ, ಇನ್ನೊಂದರ ಸೂರ್ಯ ಸ್ವಲ್ಪ ವಾರೆ. ಒಂದೊಂದರಲ್ಲೂ ಒಬ್ಬ ಮನುಷ್ಯನ ಕೈ ಕಾಣುತ್ತದೆ. ನನಗೆ ಮಷಿನ್ ಪ್ಯಾಚಿಗಿಂತ ಇವೇ ಇಷ್ಟ.

ಡೂಪ್ಲಿಕೇಟ್ ಕಾಟ ಜಾಸ್ತಿ ಇರುವುದೂ ಇದರಲ್ಲೇ. ಜರಿ ತಂತಿಯ ಬ್ಯಾಡ್ಜ್ ಮಾಡುವ ಕಸಬು ಇಂಡಿಯಾ, ಪಾಕಿಸ್ತಾನಗಳಲ್ಲಿ ಇವತ್ತಿಗೂ ಜೋರಾಗಿ ನಡೆಯುತ್ತದೆ. ಹೊಸದಾಗಿ ಮಾಡಿ, ಟೀ ನೀರಲ್ಲಿ ಅದ್ದಿ, 'ಯುದ್ಧಕಾಲದ್ದು' ಅಂತ ಮಾರುವವರಿದ್ದಾರೆ. ಮೊದಲನೇ ವರ್ಷ ನಾನೂ ಅಂಥದ್ದಕ್ಕೆ 65 ಡಾಲರ್ ಕೊಟ್ಟೆ. ಮನೆಗೆ ತಂದು, ಕತ್ತಲೆ ಮಾಡಿ, ಯುವಿ (ನೇರಳಾತೀತ ಬೆಳಕಿನ) ಟಾರ್ಚ್ ಬಿಟ್ಟರೆ ಹಿಂದಿನ ದಾರ ನೀಲಿಯಾಗಿ ಫಳಫಳ ಹೊಳೆಯಿತು. ಪಾಲಿಯೆಸ್ಟರ್! 1944ರ ದರ್ಜಿ ಕೈಗೆ ಅದು ಎಲ್ಲಿಂದ ಬರಬೇಕು? ಅಂದು ರಾತ್ರಿ ಅಳುವೇ ಬಂದಿತ್ತು. ದುಡ್ಡಿಗಿಂತ ಹೆಚ್ಚಾಗಿ, ದಾರ ಗೊತ್ತಿರುವ ನಾನೇ ಹಿಂದೆ ತಿರುಗಿಸಿ ನೋಡಲಿಲ್ಲವಲ್ಲ ಅಂತ.

ಆದರೆ ಟಾರ್ಚ್ ಒಂದನ್ನೇ ನಂಬಿಕೊಳ್ಳಬೇಡಿ. ಯುದ್ಧದ ನಂತರ ಬಂದ ಸೋಪಿನ ಪುಡಿಗಳಲ್ಲಿ ಬಿಳುಪು ಕೊಡುವ ರಾಸಾಯನಿಕ ಇರುತ್ತದೆ. ಅದರಲ್ಲಿ ಒಂದು ಸಲ ಒಗೆದರೆ ಅಸಲಿ ಹತ್ತಿ ದಾರವೂ ಹೊಳೆಯುತ್ತದೆ. ಅಂಚನ್ನೂ ನೋಡಬೇಕು. ಸುತ್ತಲೂ ಹಗ್ಗದ ಹಾಗೆ ದಪ್ಪ ಹೊಲಿಗೆ ಇರುವ ಅಂಚು ಅಮೆರಿಕದ ಪ್ಯಾಚ್‌ಗಳಲ್ಲಿ ಸಾಮಾನ್ಯವಾಗಿದ್ದು 1960ರ ದಶಕದ ಕೊನೆಯಿಂದ ಈಚೆಗೆ. ಎರಡನೇ ಮಹಾಯುದ್ಧದ್ದು ಅಂತ ಹೇಳಿ ಅಂಥ ಅಂಚಿನದನ್ನು ಕೊಟ್ಟರೆ ಸುಮ್ನೆ ನಮಸ್ಕಾರ ಹೇಳಿ ಬಂದುಬಿಡಿ.

ಈಗ ನಾನು ಹೇಳಬೇಕೆಂದು ಕೂತ ಕೋಟಿನ ವಿಷಯ.

ಹೋದ ವರ್ಷ ಒಂದು ಹಳೇ ಮನೆಯ ಸಾಮಾನು ಮಾರಾಟಕ್ಕೆ ಹೋಗಿದ್ದೆ. ಯಜಮಾನರು ತೀರಿಕೊಂಡ ಮೇಲೆ ಮನೆಯಲ್ಲಿರುವುದನ್ನೆಲ್ಲ ಬೆಲೆ ಚೀಟಿ ಅಂಟಿಸಿ ಮಾರುತ್ತಾರಲ್ಲ, ಅದು. ಬೆಡ್‌ರೂಮಿನ ಬಾಗಿಲಿಗೆ ಒಂದು ಐಕ್ ಜಾಕೆಟ್ ನೇತುಹಾಕಿದ್ದರು. ಜನರಲ್ ಐಸೆನ್‌ಹೋವರ್ ಇಷ್ಟಪಟ್ಟು ಮಾಡಿಸಿದ, ಸೊಂಟದವರೆಗೆ ಮಾತ್ರ ಬರುವ ಉಣ್ಣೆ ಜಾಕೆಟ್. ಎಡ ಭುಜದಲ್ಲಿ ಆರ್ಮಿ ಏರ್ ಫೋರ್ಸಸ್‌ನ (ಅಮೆರಿಕದ ಆಗಿನ ವಾಯುಪಡೆ) ನೀಲಿ ವೃತ್ತ, ಚಿನ್ನದ ಬಣ್ಣದ ರೆಕ್ಕೆ. ಬಲ ಭುಜದಲ್ಲಿ ಜರಿ ತಂತಿಯ ಸಿಬಿಐ. ನನ್ನ ಕೈ ನಡುಗಿತು. ಆದರೆ ಅವರ ಕ್ಯಾನ್ವಾಸ್ ಚೀಲ ಗ್ಯಾರೇಜಿನಲ್ಲಿ ಬೇರೆ ಬಿದ್ದಿತ್ತು. ಗುಡ್ ಕಂಡಕ್ಟ್ ಪದಕ ಡಬ್ಬಿ ಸಮೇತ ಬೆಳಿಗ್ಗೆ 9 ಗಂಟೆಗೇ ಬೇರೆ ಯಾರಿಗೋ ಮಾರಿಹೋಗಿತ್ತು. ಮಾರಾಟ ನಡೆಸುವವರಿಗೆ ಅದು ಮೂರು ಸಾಮಾನು. ನನಗೆ ಒಬ್ಬ ಮನುಷ್ಯ. ದಯವಿಟ್ಟು ಯಾರೂ ಹೀಗೆ ಬೇರೆ ಮಾಡಬೇಡಿ. ಒಂದು ಸಲ ಚೆದುರಿದರೆ ಮತ್ತೆ ಕೂಡುವುದಿಲ್ಲ. ಪದಕ ಒಬ್ಬರ ಡ್ರಾಯರ್‌ನಲ್ಲಿ, ಕೋಟು ಇನ್ನೊಬ್ಬರ ಬೀರುವಿನಲ್ಲಿ. ಎರಡಕ್ಕೂ ಹೆಸರಿರುವುದಿಲ್ಲ.

ಜಾಕೆಟ್, ಚೀಲ ಎರಡನ್ನೂ ತಂದೆ. ಊಟದ ಟೇಬಲ್ ಮೇಲೆ ಬಿಳಿ ಬೆಡ್‌ಶೀಟ್ ಹಾಸಿ ಓದಲು ಕೂತೆ. ಹೌದು, ಕೋಟನ್ನು ಓದಬಹುದು. ಒಳಜೇಬಿನ ಲೇಬಲ್‌ನಲ್ಲಿ ಅಳತೆ, ಕಾಂಟ್ರ್ಯಾಕ್ಟ್ ನಂಬರು, ತಯಾರಾದ ತಾರೀಖು. ಕಾಲರ್ ಒಳಗೆ ಮಸಿಯಲ್ಲಿ ಒಂದು ಅಕ್ಷರ, ನಾಲ್ಕು ಅಂಕಿ. ಅದು ಲಾಂಡ್ರಿ ಗುರುತು: ಮನೆತನದ ಹೆಸರಿನ ಮೊದಲ ಅಕ್ಷರ, ಸೈನಿಕನ ನಂಬರಿನ ಕೊನೆಯ ನಾಲ್ಕು ಅಂಕಿ. ನಮ್ಮ ಧೋಬಿ ಬಟ್ಟೆಗೆ ಹಾಕುವ ಗುರುತಿನ ಹಾಗೆಯೇ. ತೋಳಿನ ತುದಿಯಲ್ಲಿ ನಾಲ್ಕು ಚಿನ್ನದ ಬಣ್ಣದ ಗೀಟು. ಒಂದಕ್ಕೆ ಆರು ತಿಂಗಳು, ಅಂದರೆ ಹೊರದೇಶದಲ್ಲಿ ಎರಡು ವರ್ಷ. ಎದೆಯ ರಿಬ್ಬನ್‌ಗಳಲ್ಲಿ ಹಳದಿಯದೊಂದು, ನಡುವೆ ನೀಲಿ-ಬಿಳಿ-ಕೆಂಪು ಸಣ್ಣ ಗೆರೆ, ಎರಡೂ ಕಡೆ ಅಂಚಿನ ಹತ್ತಿರ ಬಿಳಿ-ಕೆಂಪು-ಬಿಳಿ. ಅದು ಏಷ್ಯಾಟಿಕ್-ಪೆಸಿಫಿಕ್, ಏಷ್ಯಾ-ಪೆಸಿಫಿಕ್ ಕಡೆಯ ಯುದ್ಧದಲ್ಲಿದ್ದವರಿಗೆ ಕೊಟ್ಟ ಪದಕದ್ದು. ಬಲ ಜೇಬಿನ ಮೇಲೆ ಚಿನ್ನದ ಬಣ್ಣದಲ್ಲಿ ಹದ್ದಿನ ಪ್ಯಾಚ್. ಸೈನಿಕರು ಅದನ್ನು ಪ್ರೀತಿಯಿಂದ 'ಬಾತುಕೋಳಿ' ಅನ್ನುತ್ತಿದ್ದರಂತೆ. ಇವರಿಗೆ ಗೌರವದಿಂದ ಬಿಡುಗಡೆ ಆಗಿದೆ, ಬೇರೆ ಬಟ್ಟೆ ಹೊಂದಿಸಿಕೊಳ್ಳುವವರೆಗೆ 30 ದಿನ ಯೂನಿಫಾರ್ಮ್ ಹಾಕಿಕೊಳ್ಳಬಹುದು ಅನ್ನುವ ಗುರುತು ಅದು.

ಚೀಲದ ಮೇಲೆ ಪೂರ್ತಿ ಹೆಸರು, ಪೂರ್ತಿ ನಂಬರು. ಕೊನೆಯ ನಾಲ್ಕು ಅಂಕಿ ಕಾಲರಿನ ಜೊತೆ ಕೂಡಿ ಬಂತು. ಮೊದಲ ಎರಡು ಅಂಕಿ 35. ಮೂರು ಅಂದರೆ ಕಡ್ಡಾಯವಾಗಿ ಸೇನೆಗೆ ಸೇರಿಸಿಕೊಂಡವರು. ಐದು ಅಂದರೆ ಓಹಾಯೋ, ಇಂಡಿಯಾನಾ, ಕೆಂಟಕಿ, ವೆಸ್ಟ್ ವರ್ಜೀನಿಯಾ ಸೇರಿದ ಪ್ರದೇಶ. ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಮನೆಯವರಿದ್ದಾರೆ.

ಹೆಸರು ಸಿಕ್ಕಿದ ಮಾತ್ರಕ್ಕೆ ಕಡತ ಸಿಗುವುದಿಲ್ಲ. 1973ರ ಜುಲೈ 12ರಂದು ಸೇಂಟ್ ಲೂಯಿಸ್‌ನ ಸೈನಿಕರ ದಾಖಲೆ ಕೇಂದ್ರಕ್ಕೆ ಬೆಂಕಿ ಬಿತ್ತು. 1 ಕೋಟಿ 60 ಲಕ್ಷದಿಂದ 1 ಕೋಟಿ 80 ಲಕ್ಷ ಕಡತಗಳು ಸುಟ್ಟವು. 1912ರಿಂದ 1960ರವರೆಗೆ ಆರ್ಮಿ ಬಿಟ್ಟವರ ದಾಖಲೆಗಳಲ್ಲಿ ಸುಮಾರು 80 ಶೇಕಡಾ ಹೋಯಿತು. ಅದಕ್ಕೇ ಕಾಲರಿನ ಆ ನಾಲ್ಕು ಅಂಕಿಗೆ ಇಷ್ಟು ಬೆಲೆ. ಆದರೂ ಒಂದು ದಾರಿ ಇದೆ. ಯುದ್ಧದಿಂದ ಬಂದ ಎಷ್ಟೋ ಜನ ಬಿಡುಗಡೆ ಕಾಗದವನ್ನು ತಮ್ಮ ಕೌಂಟಿ (ನಮ್ಮ ಜಿಲ್ಲೆಯ ಹಾಗೆ) ಕಚೇರಿಯಲ್ಲಿ ನೋಂದಾಯಿಸಿದ್ದರು. ಈ ಸೈನಿಕರ ಮೊಮ್ಮಗಳಿಗೆ ಪತ್ರ ಬರೆದೆ. ಆಕೆ ಕಚೇರಿಗೆ ಹೋಗಿ ಪ್ರತಿ ತಂದು ನನಗೂ ಕಳಿಸಿದಳು.

ಕೆಲಸದ ಕಾಲಂನಲ್ಲಿ 747, ಅಂದರೆ ವಿಮಾನ ಮತ್ತು ಎಂಜಿನ್ ಮೆಕ್ಯಾನಿಕ್. ದಳದ ಕಾಲಂನಲ್ಲಿ 84ನೇ ಏರ್ ಡಿಪೋ.

ಅದನ್ನು ಓದಿ ನಾನು ಎದ್ದು ನಿಂತೆ. 84ನೇ ಏರ್ ಡಿಪೋ ಅಂದರೆ ನಮ್ಮ ಎಚ್‌ಎಎಲ್! 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸಂಸ್ಥಾನದ ಜೊತೆ ಸೇರಿ ಶುರುಮಾಡಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ 1943ರಲ್ಲಿ ಅಮೆರಿಕದವರ ಕೈಗೆ ಬಂತು. ಅದಕ್ಕೆ ಅವರು ಇಟ್ಟ ಹೆಸರೇ ಇದು. ಅಲ್ಲಿ ಮೊದಲು ರಿಪೇರಿಯಾದದ್ದು ನೀರಿನ ಮೇಲೆ ಇಳಿಯುವ ಕ್ಯಾಟಲೀನಾ ವಿಮಾನ. ಆಮೇಲೆ ಇಂಡಿಯಾ, ಬರ್ಮಾದಲ್ಲಿ ಹಾರುತ್ತಿದ್ದ ಎಲ್ಲ ಬಗೆಯವೂ ಬಂದವು. ನಮ್ಮ ತಾತ 50ರ ದಶಕದಲ್ಲಿ ಅದೇ ಕಾರ್ಖಾನೆಯಲ್ಲಿ ಫಿಟ್ಟರ್. ನಾವು ಬೆಳೆದದ್ದು ಅದರ ಗೋಡೆಯಾಚೆ ಏಳುವ ವಿಮಾನಗಳ ಸದ್ದಿನಲ್ಲಿ. ಓಹಾಯೋದ ಈ ಮೆಕ್ಯಾನಿಕ್ಕೂ ಅದೇ ನೆಲದಲ್ಲಿ ಎರಡು ವರ್ಷ ಎಣ್ಣೆ ಕೈ ಒರೆಸಿಕೊಂಡಿದ್ದಾರೆ.

ಹಾಗಾದರೆ ಆ ಪ್ಯಾಚ್ ಬೆಂಗಳೂರಿನದೇ ಅಲ್ವಾ? ನನಗೂ ಹಾಗೆ ಹೇಳಬೇಕು ಅಂತ ತುಂಬಾ ಆಸೆ. ಆದರೆ ಅಂಗಡಿ ಚೀಟಿ ಇಲ್ಲ, ದರ್ಜಿಯ ಮುದ್ರೆ ಇಲ್ಲ. ರಜೆಗೆ ಕಲ್ಕತ್ತಾಗೆ ಹೋದಾಗ ಮಾಡಿಸಿದ್ದಿರಬಹುದು, ಗೆಳೆಯನಿಂದ ಪಡೆದದ್ದಿರಬಹುದು. ಕಾಗದ ಹೇಳುವುದು ಮನುಷ್ಯ ಬೆಂಗಳೂರಿನಲ್ಲಿದ್ದ ಅಂತ, ಪ್ಯಾಚ್ ಅಲ್ಲಿಯದು ಅಂತ ಅಲ್ಲ. ಒಂದು ಆಸೆಯ ಮಾತನ್ನು ಇವತ್ತು ಬರೆದಿಟ್ಟರೆ 20 ವರ್ಷದ ಮೇಲೆ ಅದೇ ಇತಿಹಾಸ ಆಗಿಬಿಡುತ್ತದೆ.

ಈ ಬೇಸಿಗೆಗೆ ಅಮ್ಮ ಬಂದಿದ್ದರು. ಕೈ ತೊಳೆಸಿ, ಪೆಟ್ಟಿಗೆ ತೆಗೆದು, ಜಾಕೆಟ್ ಮುಂದಿಟ್ಟೆ. ಪ್ಯಾಚಿನ ಕೆಳಗಿನ ಅಂಚು ಎರಡು ಇಂಚಿನಷ್ಟು ಬಿಚ್ಚಿಕೊಂಡಿದೆ. ಅಮ್ಮ ಕನ್ನಡಕ ಹಾಕಿಕೊಂಡು, ಏನೂ ಕೇಳದೆ, ಬೆರಳಲ್ಲಿ ಅದನ್ನು ಮೆಲ್ಲಗೆ ಎತ್ತಿ ಹಿಂದೆ ನೋಡಿದರು.

"ಇದು ನಮ್ ಕಡೆ ಕೆಲಸ ಕಣೇ."

ಹಿಂದೆ ಗಂಜಿ ಹಾಕಿದ ಒರಟು ಬಟ್ಟೆ. ಸ್ಪ್ರಿಂಗಿನ ಹಾಗೆ ಸುತ್ತಿದ ತಂತಿಯನ್ನು ಸಣ್ಣ ಸಣ್ಣ ತುಂಡು ಮಾಡಿ, ಮಣಿಯ ಹಾಗೆ ಸೂಜಿಗೆ ಪೋಣಿಸಿ ಕೂರಿಸಿದ್ದಾರೆ. ಮುಂದೆ ಬೆಳ್ಳಿ ಪಟ್ಟೆ ಕಾಣುವ ಕಡೆ ಹಿಂದೆ ಹಳದಿ ಹತ್ತಿ ದಾರ ಅಡ್ಡಡ್ಡ ಓಡಿದೆ. ನಕ್ಷತ್ರದ ಕೆಳಗೆ ಒಂದು ಗಂಟು. ತಂತಿ ಕಪ್ಪಾಗಿತ್ತು. "ನಿಂಬೆಹಣ್ಣು ಹಾಕಿ ಒರೆಸಿಬಿಡಲಾ?" ಅಂದರು. ಬೇಡವೇ ಬೇಡ ಅಂದೆ. ಆ ಕಪ್ಪೇ ಅದರ ವಯಸ್ಸು. ಪೆಟ್ಟಿಗೆಗೆ ನಾನು ನುಸಿಗುಳಿಗೆಯನ್ನೂ ಹಾಕುವುದಿಲ್ಲ. ರೇಷ್ಮೆ ಸೀರೆಯ ಜರಿಗೆ ಆಗದ್ದು ಇದಕ್ಕೂ ಆಗದು.

ಅಮ್ಮ ಇನ್ನೂ ನೋಡುತ್ತಲೇ ಇದ್ದರು. ಈಗ ಕಸೂತಿಯನ್ನಲ್ಲ, ಪ್ಯಾಚನ್ನು ತೋಳಿಗೆ ಸೇರಿಸಿದ ಹೊಲಿಗೆಯನ್ನು.

"ಇದು ಬೇರೆ ಕೈ. ಹೊಲಿಗೆ ವಾಲಿರೋದು ನೋಡು, ಉಲ್ಟಾ ಇದೆ. ಎಡಗೈಯೋರು ಹಾಕಿರೋದು."

11 ವರ್ಷದಿಂದ ಪ್ಯಾಚ್ ನೋಡುತ್ತಿದ್ದರೂ ನಾನು ಅದನ್ನು ಗಮನಿಸಿಯೇ ಇರಲಿಲ್ಲ. ಮೊಮ್ಮಗಳಿಗೆ ಬರೆದು ಕೇಳಿದೆ: ತಾತ ಎಡಗೈಯವರಾ? ಎರಡು ದಿನದಲ್ಲಿ ಉತ್ತರ ಬಂತು. ಅಲ್ಲ, ಬಲಗೈ. ಬೌಲಿಂಗ್ ಚೆಂಡು ಎಸೆಯುತ್ತಿರುವ ಫೋಟೊ ಕೂಡ ಕಳಿಸಿದ್ದಳು. ಅಜ್ಜಿಯ ಬಗ್ಗೆ ಆಕೆಗೆ ನೆನಪಿಲ್ಲ. ಊರಿಗೆ ಬಂದ ಮೇಲೆ ಬಿಡುಗಡೆ ಕ್ಯಾಂಪಿನ ದರ್ಜಿ ಹೊಲಿದಿರಬಹುದು, ಅಜ್ಜಿಯೇ ಹೊಲಿದಿರಬಹುದು.

ನನ್ನಲ್ಲಿರುವ ಒಂದೊಂದು ವಸ್ತುವಿಗೂ ಒಂದು ಕಾರ್ಡ್ ಇದೆ. ಈ ಜಾಕೆಟ್‌ನ ಕಾರ್ಡಿನಲ್ಲಿ ಆವತ್ತು ಸಂಜೆ ಎರಡು ಸಾಲು ಸೇರಿಸಿದೆ. 'ಪ್ಯಾಚ್: ಇಂಡಿಯಾದ ಕೈಕೆಲಸ, ಊರು ಗೊತ್ತಿಲ್ಲ. ತೋಳಿಗೆ ಹೊಲಿದವರು: ಎಡಗೈಯವರು, ಸೈನಿಕರಲ್ಲ.' ಪಕ್ಕದಲ್ಲಿ, ಗುರುತಿಸಿದವರು ಅನ್ನುವ ಕಡೆ, ಅಮ್ಮನ ಹೆಸರು ಬರೆದೆ.