ಒಂದು ಅಂಕಿ ತಪ್ಪಿದ್ದಕ್ಕೆ 1,44,000 ದಂಡ

ದಾವಣಗೆರೆಯ ಪಿವಿಸಿ ಪೈಪಿನ ಸಗಟು ಅಂಗಡಿಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಎರಡು ವರ್ಷದ ಹಿಂದೆ ಒಂದು ಸಂಜೆ ಡ್ರೈವರ್ ಫೋನ್ ಮಾಡಿದ. "ಸರ್, ಶಿವಮೊಗ್ಗ ರೋಡಲ್ಲಿ ಜಿಎಸ್‌ಟಿಯವರು ಗಾಡಿ ಹಿಡಿದಿದಾರೆ. ಇ-ವೇ ಬಿಲ್ಲಲ್ಲಿರೋ ನಂಬರೇ ಬೇರೆ ಅಂತಾರೆ."

ಇ-ವೇ ಬಿಲ್ ಅಂದರೆ ಮಾಲು ಸಾಗಿಸಲು ಆನ್‌ಲೈನಿನಲ್ಲಿ ಮಾಡುವ ಸಾಗಣೆ ಪತ್ರ. ಅದನ್ನು ತೆಗೆದು ನೋಡಿದೆ. ಲಾರಿ ನಂಬರಿನಲ್ಲಿ 8 ಇರಬೇಕಾದ ಕಡೆ 6 ಬಿದ್ದಿತ್ತು. ಟೈಪ್ ಮಾಡಿದ್ದು ನಾನೇ. ಮಾಲು 4 ಲಕ್ಷದ್ದು, 18% ತೆರಿಗೆ ಅಂದರೆ 72,000. ನೋಟಿಸ್ ಕೊಟ್ಟಿದ್ದು ಜಿಎಸ್‌ಟಿ ಕಾಯ್ದೆಯ ಸೆಕ್ಷನ್ 129ರಲ್ಲಿ, ದಾರಿಯಲ್ಲಿ ಮಾಲು, ಗಾಡಿ ತಡೆಹಿಡಿದು ದಂಡ ಹಾಕುವ ಸೆಕ್ಷನ್ ಅದು. ತೆರಿಗೆಯ ಎರಡು ಪಟ್ಟು ದಂಡ, 1,44,000 ರೂಪಾಯಿ.

"ಕಟ್ಟಿಬಿಡ್ರಿ, ಮೊದಲು ಲಾರಿ ಬರಲಿ" ಅಂದರು ಯಜಮಾನರು. ಅವರ ಅವಸರ ಸುಳ್ಳಲ್ಲ. ಲಾರಿ ನಿಂತಷ್ಟೂ ಬಾಡಿಗೆ ಏರುತ್ತದೆ, ಆ ಕಡೆ ಗಿರಾಕಿ ಕಾಯುತ್ತಿರುತ್ತಾನೆ. ಆದರೆ ಹಿಂದಿನ ವರ್ಷ ಇಂಥದ್ದೇ ತಪ್ಪಿಗೆ ಹೀಗೇ ಗಡಿಬಿಡಿಯಲ್ಲಿ 61,200 ಕಟ್ಟಿದ್ದೆವು. ಅಷ್ಟು ಕಟ್ಟಬೇಕಿರಲಿಲ್ಲ ಅಂತ ನನಗೆ ತಿಳಿಯುವ ಹೊತ್ತಿಗೆ ಐದು ತಿಂಗಳಾಗಿತ್ತು. ಅಪೀಲಿಗೆ ಇರುವುದು ಮೂರು ತಿಂಗಳು, ಸರಿಯಾದ ಕಾರಣ ಇದ್ದರೆ ಇನ್ನೊಂದು ತಿಂಗಳು. ಆ ದುಡ್ಡು ಹೋಗಿದ್ದು ಹೋಯಿತು. ಈಗಲೂ ಹೊಟ್ಟೆ ಉರಿಯುತ್ತದೆ.

ಅದಕ್ಕೇ ಈ ಸಲ "ಒಂದು ದಿನ ಕೊಡಿ ಸರ್" ಅಂತ ಕೇಳಿಕೊಂಡೆ. 2018ರ ಸೆಪ್ಟೆಂಬರ್ 14ರ ಕೇಂದ್ರದ ಜಿಎಸ್‌ಟಿ ಸುತ್ತೋಲೆ ಒಂದಿದೆ, ನಂಬರ್ 64. ಗಾಡಿ ನಂಬರಿನಲ್ಲೋ ಇನ್‌ವಾಯ್ಸ್ ನಂಬರಿನಲ್ಲೋ ಒಂದೆರಡು ಅಂಕಿ ತಪ್ಪಿದರೆ, ಜಿಎಸ್‌ಟಿ ನಂಬರ್ ಸರಿಯಿದ್ದು ಹೆಸರಿನ ಸ್ಪೆಲಿಂಗ್ ಮಾತ್ರ ತಪ್ಪಿದ್ದರೆ 129ರ ಕೇಸು ಬೇಡ ಅನ್ನುತ್ತದೆ ಅದು. ಕೇಂದ್ರಕ್ಕೆ 500, ರಾಜ್ಯಕ್ಕೆ 500, ಅಷ್ಟೇ ದಂಡ.

ರಾತ್ರಿ ಕೂತು ಒಂದು ಪುಟದ ಉತ್ತರ ಬರೆದೆ. ಇನ್‌ವಾಯ್ಸ್, ಎಲ್‌ಆರ್ (ಲಾರಿಯವರು ಕೊಡುವ ಸರಕಿನ ರಸೀದಿ), ಲಾರಿಯ ಆರ್‌ಸಿ ಪ್ರತಿ ಜೋಡಿಸಿದೆ. ಸುತ್ತೋಲೆಯಲ್ಲಿ ಗಾಡಿ ನಂಬರಿನ ಸಾಲಿಗೆ ಹಳದಿ ಗೆರೆ ಎಳೆದೆ. ಬೆಳಿಗ್ಗೆ ಅಧಿಕಾರಿಗಳಿಗೆ ಕೊಟ್ಟು ಸ್ವೀಕೃತಿ ಸಹಿ ಕೇಳಿದೆ. ಜಗಳ ಏನೂ ಆಗಲಿಲ್ಲ. ಅವರು ಲಾರಿಯಲ್ಲಿದ್ದ ಮಾಲು ಮತ್ತು ಬಿಲ್ಲು ಎರಡನ್ನೂ ತಾಳೆ ನೋಡಿದರು, ಆ ಸಾಲನ್ನು ಎರಡು ಸಲ ಓದಿದರು. ಸಂಜೆಗೆ 1,000 ರೂಪಾಯಿ ದಂಡದ ಆದೇಶ ಬಂತು, ಲಾರಿ ಹೊರಟಿತು.

ಇ-ವೇ ಬಿಲ್ಲೇ ಮಾಡದೆ ಲೋಡ್ ಕಳಿಸಿದ್ದರೆ ಈ ಸುತ್ತೋಲೆ ಉಪಯೋಗಕ್ಕೆ ಬರಲ್ಲ. ಅಲ್ಲಿ ಇದನ್ನು ಹಿಡಿದು ವಾದ ಮಾಡುವುದು ಸರಿಯೂ ಅಲ್ಲ.

ಈಗ ಡ್ರೈವರ್ ನಂಬರ್ ಪ್ಲೇಟಿನ ಫೋಟೊ ಕಳಿಸುವ ತನಕ ನಾನು ಇ-ವೇ ಬಿಲ್ ಟೈಪ್ ಮಾಡುವುದಿಲ್ಲ.